ಅಜ್ಜ-ಅಜ್ಜಿ ಮನೆಯಲ್ಲೇ ಇದ್ದಾರೆ ಸರಿ, ಗುಳಿಗೆ ತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ರಾಯಚೂರಿನಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. 2020ರ ಯುಗಾದಿ ದಿನ, ಮಾರ್ಚ್ 25ಕ್ಕೆ ಕೊರೊನಾ ಲಾಕ್‌ಡೌನ್ ಶುರುವಾದ ಮೇಲೂ ನಮಗೆ ರಜೆ ಇರಲಿಲ್ಲ. ದೇಶದಲ್ಲಿ ಕೊರೊನಾದಿಂದ ಮೊಟ್ಟಮೊದಲು ತೀರಿಕೊಂಡವರು ನಮ್ಮ ಭಾಗದ ಕಲಬುರಗಿಯವರು, 76 ವರ್ಷ. ಹಾಗಾಗಿ ಆಗ ಹಿರಿಯರು ಹೊರಗೆ ಬರದಿರುವುದೇ ಒಳ್ಳೆಯದಿತ್ತು. ಆದರೆ ಒಳಗೆ ಕೂತವರ ಬಿಪಿ, ಸಕ್ಕರೆ ಗುಳಿಗೆ ತಪ್ಪಿದರೆ ಅದೂ ಅಷ್ಟೇ ಅಪಾಯ.

ಗುಳಿಗೆ ತರಲು ಮನೆಯ ಹುಡುಗರನ್ನು ಕಳಿಸಿ. ಒಂದು ತಿಂಗಳಿಗೆ ಆಗುವಷ್ಟು ತಗೊಳ್ಳಿ, ಆರು ತಿಂಗಳದ್ದು ಕಟ್ಟಿಟ್ಟುಕೊಳ್ಳಬೇಡಿ, ಬೇರೆಯವರಿಗೂ ಬೇಕಲ್ವಾ. ಡಾಕ್ಟರ್ ಚೀಟಿ ಮತ್ತು ಸ್ಟ್ರಿಪ್ ಎರಡರದ್ದೂ ಫೋಟೊ ಮೊಬೈಲ್‌ನಲ್ಲಿ ಇರಲಿ. 'ಅಪ್ಪನ ಹಳದಿ ಗುಳಿಗೆ ಕೊಡಿ' ಅಂದರೆ ನಾನು ಏನು ಕೊಡಲಿ? ಸ್ಟ್ರಿಪ್‌ನಿಂದ ಗುಳಿಗೆ ತೆಗೆಯುವಾಗ ಹೆಸರು, ಎಕ್ಸ್‌ಪೈರಿ ಇರುವ ತುದಿಯನ್ನು ಕೊನೆಗೆ ಉಳಿಸಿಕೊಳ್ಳಿ.

ಲಾಕ್‌ಡೌನ್ ಹೊತ್ತಿನಲ್ಲಿ ಸ್ಟಾಕ್ ಸರಿಯಾಗಿ ಬರುತ್ತಿರಲಿಲ್ಲ. ಯಾವಾಗಲೂ ತಗೊಳ್ಳುವ ಕಂಪನಿಯದ್ದು ಸಿಗದೇ ಇರಬಹುದು. ಹೆದರಬೇಡಿ. ದೊಡ್ಡ ಅಕ್ಷರದ ಕಂಪನಿ ಹೆಸರಿನ ಕೆಳಗೆ ಸಣ್ಣದಾಗಿ, ಉದಾಹರಣೆಗೆ ಬಿಪಿ ಗುಳಿಗೆಯಾದರೆ, ಅಮ್ಲೋಡಿಪಿನ್ 5 ಎಂಜಿ ಅಂತ ಬರೆದಿರುತ್ತದೆ. ಅದೇ ನಿಜವಾದ ಔಷಧಿ. ಆ ಹೆಸರು, ಎಂಜಿ ಎರಡೂ ಒಂದೇ ಇದೆಯಾ ಅಂತ ಅಂಗಡಿಯವರ ಹತ್ತಿರ ಖಚಿತ ಮಾಡಿಕೊಳ್ಳಿ. ಹೊಸದು ಮನೆಗೆ ಬಂದ ತಕ್ಷಣ ಹಳೆಯ ಸ್ಟ್ರಿಪ್ ಡಬ್ಬಿಯಿಂದ ತೆಗೆದುಬಿಡಿ. ಬಣ್ಣ ಬೇರೆ ಇದೆ ಅಂತ ಅಜ್ಜಿ ಎರಡನ್ನೂ ನುಂಗಿದರೆ ಬಿಪಿ ಜಾಸ್ತಿ ಇಳಿದು ತಲೆ ತಿರುಗಿ ಬೀಳಬಹುದು.

ಇನ್ಸುಲಿನ್ ತಗೊಳ್ಳುವವರಿಗೆ ನಮ್ಮ ಬಿಸಿಲೇ ದೊಡ್ಡ ತೊಂದರೆ. ಫ್ರಿಜ್ ಇದ್ದರೆ ಬಾಗಿಲ ಕಡೆ ಇಡಿ, ಮೇಲಿನ ಫ್ರೀಜರ್‌ನಲ್ಲಿ ಬೇಡ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಫ್ರಿಜ್ ಇಲ್ಲದವರು ದೊಡ್ಡ ಮಣ್ಣಿನ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಉಸುಕು ತುಂಬಿ, ದಿನಾ ಆ ಉಸುಕಿಗೆ ನೀರು ಹಾಕಿ. ಬಾಟಲಿ ಒದ್ದೆಯಾಗದಂತೆ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಒಳಗಿನ ಮಡಕೆಯಲ್ಲಿಟ್ಟು ಒದ್ದೆ ಬಟ್ಟೆ ಮುಚ್ಚಿ. ಮಡಕೆ ನೆರಳಲ್ಲಿ, ಗಾಳಿ ಆಡುವ ಕಡೆ ಇರಬೇಕು. ಬಳಸಲು ಶುರು ಮಾಡಿದ ಬಾಟಲಿಗೆ ಇದು ಸಾಕು. ಶುರು ಮಾಡಿದ ದಿನಾಂಕವನ್ನು ಬಾಟಲಿ ಮೇಲೆ ಬರೆಯಿರಿ. ಸಾಮಾನ್ಯವಾಗಿ 28 ದಿನ ಆದ ಮೇಲೆ ಅದನ್ನು ಬಳಸಬಾರದು.

ವಯಸ್ಸಾದವರಿಗೆ ಬಾಯಾರಿಕೆ ಬೇಗ ಗೊತ್ತಾಗುವುದಿಲ್ಲ. ಕೇಳುವವರೆಗೂ ಕಾಯಬೇಡಿ, ನೀವೇ ನೀರು, ತೆಳು ಮಜ್ಜಿಗೆ, ಅಂಬಲಿ ಕೊಡುತ್ತಾ ಇರಿ. ಬಿಪಿ ಇದ್ದರೆ ಉಪ್ಪು ಕಡಿಮೆ. ಹೃದಯ, ಕಿಡ್ನಿ ತೊಂದರೆ ಇದ್ದವರು, ಮೂತ್ರ ಜಾಸ್ತಿ ಮಾಡಿಸುವ ಗುಳಿಗೆ ತಗೊಳ್ಳುವವರು ಎಷ್ಟು ನೀರು ಕುಡಿಯಬೇಕು ಅಂತ ಡಾಕ್ಟರ್‌ಗೆ ಫೋನ್ ಮಾಡಿ ಕೇಳಿ.

ಇನ್ನೊಂದು ಮಾತು, ಕೈ ಮುಗಿದು ಹೇಳುತ್ತೇನೆ. ಕೊರೊನಾ ಬರಬಾರದು ಅಂತ ಅಪ್ಪ-ಅಮ್ಮನಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಗುಳಿಗೆ ಕೇಳಿಕೊಂಡು ಬರಬೇಡಿ. ಅದು ಹೃದಯದ ಬಡಿತವನ್ನೇ ಕೆಡಿಸಬಹುದು. ಕೀಲು ನೋವಿಗೆ ಅಂತ ಅದನ್ನು ಮೊದಲಿಂದಲೂ ತಗೊಳ್ಳುತ್ತಿರುವವರಿಗೇ ಆಮೇಲೆ ಸಿಗದಂತೆ ಆಗುತ್ತದೆ. ಸ್ಯಾನಿಟೈಸರ್‌ಗೂ ಅಲೆಯಬೇಡಿ. ಮನೆಯಲ್ಲಿ ಸೋಪು ಸಾಕು, 20 ಸೆಕೆಂಡ್ ಉಜ್ಜಬೇಕು ಅಷ್ಟೇ.

ಲಾಕ್‌ಡೌನ್‌ನಲ್ಲಿ ಕಟ್ಟೆ ಮೇಲಿನ ಹರಟೆ ನಿಂತು ಹೋಗಿದ್ದು ಹಿರಿಯರಿಗೆ ನಿಜಕ್ಕೂ ಕಷ್ಟವಾಗಿತ್ತು. ಗೆಳೆಯರಿಗೆ ದಿನಾ ಒಂದೇ ಹೊತ್ತಿಗೆ ಫೋನ್ ಹಚ್ಚಿ ಕೊಡಿ. ಬಿಸಿಲು ಏರುವ ಮೊದಲು ಅಂಗಳದಲ್ಲೋ ಮಾಳಿಗೆ ಮೇಲೋ ಸ್ವಲ್ಪ ಅಡ್ಡಾಡಲಿ.

ಜ್ವರ ಜಾಸ್ತಿ ಇಲ್ಲ ಅಂತ ಸುಮ್ನೆ ಇರಬೇಡಿ. ವಯಸ್ಸಾದವರಲ್ಲಿ ಜ್ವರ ಕಾಣದೇ ಇರಬಹುದು. ಊಟ ಬಿಟ್ಟರೆ, ಮಂಪರಾಗಿ ಮಲಗೇ ಇದ್ದರೆ, ಮಾತು ಗೊಂದಲವಾದರೆ ಅವತ್ತೇ ಡಾಕ್ಟರ್‌ಗೆ ಅಥವಾ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ. ಉಸಿರಾಡಲು ಕಷ್ಟವಾದರೆ ಆಂಬ್ಯುಲೆನ್ಸ್‌ಗೆ, ಅಂದರೆ 108ಕ್ಕೆ. ಆಸ್ಪತ್ರೆಗೆ ಹೊರಡುವಾಗ ಗುಳಿಗೆ ಡಬ್ಬಿಯನ್ನೂ ಚೀಲದಲ್ಲಿ ಹಾಕಿಕೊಳ್ಳಿ.