200 ಕಿಲೋ ಚಪ್ಪಡಿಯನ್ನು ಇಬ್ಬರೇ ಕಟ್ಟೆಗೇರಿಸುವುದು ಹೇಗೆ?

200 ಕಿಲೋ ತೂಗುವ ಕಲ್ಲುಚಪ್ಪಡಿಯನ್ನು 60 ಸೆಂ.ಮೀ. ಎತ್ತರದ ಕಟ್ಟೆಗೆ ಏರಿಸಬೇಕಿದೆ ಎನ್ನಿ. ಹಾರೆ, ನಾಲ್ಕು ಕಬ್ಬಿಣದ ಪೈಪು, ಗಟ್ಟಿ ಹಲಗೆಗಳು, ಹಗ್ಗ, ಒಂದು ರಾಟೆ, ಬೆಣೆ, ಮರದ ತುಂಡುಗಳು ಇದ್ದರೆ ಸಾಕು. ಇವು ಯಾವುವೂ ಭಾರ ಎತ್ತುವ ಒಟ್ಟು ಕೆಲಸವನ್ನು ಕಡಿಮೆ ಮಾಡುವುದಿಲ್ಲ. ಬಲ ಎಷ್ಟು ಪಟ್ಟು ತಗ್ಗುತ್ತದೋ ದೂರ ಅಷ್ಟು ಪಟ್ಟು ಹೆಚ್ಚುತ್ತದೆ.

ಮೊದಲು ಸನ್ನೆಕೋಲು. 1.5 ಮೀಟರ್ ಹಾರೆಯ ತುದಿಯನ್ನು ಚಪ್ಪಡಿಯ ಅಂಚಿನಡಿ ತೂರಿಸಿ, ತುದಿಯಿಂದ 15 ಸೆಂ.ಮೀ. ಈಚೆಗೆ ಆನಿಕೆ (ಹಾರೆ ಊರಿ ತಿರುಗುವ ಆಧಾರ) ಕೊಡಿ. ನಿಮ್ಮ ಕಡೆ ಉಳಿಯುವುದು 135 ಸೆಂ.ಮೀ.; ಒತ್ತಿದ ಬಲ 9 ಪಟ್ಟಾಯಿತು. ಒಂದೇ ಅಂಚು ಏಳುವುದರಿಂದ ಹಾರೆಯ ಪಾಲಿಗೆ ಬರುವುದು ಅರ್ಧ ಭಾರ, ಸುಮಾರು 100 ಕಿಲೋ. 11–12 ಕಿಲೋದಷ್ಟು ಒತ್ತಿದರೆ ಅಂಚು ಮೇಲೇಳುತ್ತದೆ. ಆನಿಕೆಯನ್ನು 30 ಸೆಂ.ಮೀ.ಗೆ ತಂದರೆ ಅದೇ ಕೆಲಸಕ್ಕೆ 25 ಕಿಲೋ ಬೇಕು.

ಕೆಡುವುದು ಹೆಚ್ಚಾಗಿ ಆನಿಕೆಯಲ್ಲೇ. ಭಾರ, ಒತ್ತಡ ಎರಡೂ ಅದರ ಮೇಲೆ ಕೂರುತ್ತವೆ. ಇಟ್ಟಿಗೆ ಒಡೆಯುತ್ತದೆ, ಗುಂಡುಕಲ್ಲು ಉರುಳುತ್ತದೆ, ಮೆತ್ತನೆಯ ಮಣ್ಣಿನಲ್ಲಿ ಸಣ್ಣ ತುಂಡು ಹೂತುಹೋಗುತ್ತದೆ. ಅಗಲವಾದ ಗಟ್ಟಿಮರದ ತುಂಡನ್ನೇ ಇಡಿ, ಅಡಿಗೆ ಹಲಗೆ ಹಾಕಿ. ಹಾರೆಯ ಇಬ್ಬದಿಗೆ ಕಾಲು ಹಾಕಿ ನಿಲ್ಲಲೇಬೇಡಿ. ಜಾರಿದರೆ ಅದು ಮೇಲಕ್ಕೆ ಚಿಮ್ಮುತ್ತದೆ. ಹಾರೆಯನ್ನು 45 ಸೆಂ.ಮೀ. ಅದುಮಿದರೆ ಅಂಚು ಏಳುವುದು 5 ಸೆಂ.ಮೀ. ಮಾತ್ರ. ಎದ್ದಷ್ಟಕ್ಕೂ ಮರದ ತುಂಡು ತುರುಕಿ, ಆನಿಕೆಯನ್ನು ಎತ್ತರಿಸಿ ಮತ್ತೆ ಒತ್ತಿ. ತುಂಡನ್ನು ಕೋಲಿನಿಂದ ತಳ್ಳಬೇಕು, ಬೆರಳಿನಿಂದಲ್ಲ.

ಈಗ 5 ಸೆಂ.ಮೀ. ದಪ್ಪದ ಪೈಪುಗಳನ್ನು ಅಡ್ಡಲಾಗಿ ತೂರಿಸಿ. ಚಪ್ಪಡಿ 1 ಮೀಟರ್ ಸಾಗಿದಾಗ ಪೈಪು ಸಾಗುವುದು ಅರ್ಧ ಮೀಟರ್ ಮಾತ್ರ. ಹಿಂದೆ ಹೊರಬಿದ್ದದ್ದನ್ನು ಮುಂದಕ್ಕೆ ತಂದಿಡುತ್ತಿರಬೇಕು. ಯಾವಾಗಲೂ ಕನಿಷ್ಠ ಎರಡು ಪೈಪು ಚಪ್ಪಡಿಯ ಕೆಳಗಿರಲಿ. ಪೈಪು ಓರೆಯಾದರೆ ಚಪ್ಪಡಿಯೂ ಓರೆಗೆ ತಿರುಗುತ್ತದೆ. ನೆಲ ಮೆತ್ತಗಿದ್ದರೆ ಹಲಗೆ ಹಾಸದೆ ಪೈಪು ಉರುಳುವುದಿಲ್ಲ.

ಕಟ್ಟೆಗೆ 2.4 ಮೀಟರ್ ಹಲಗೆಗಳನ್ನು ಒರಗಿಸಿ, ನಡುವೆ ಬಾಗದಂತೆ ಅಡಿಯಿಂದ ಆಧಾರ ಕೊಡಿ. ಎತ್ತರದ 4 ಪಟ್ಟು ಉದ್ದವಿರುವುದರಿಂದ 200 ಕಿಲೋ ಬದಲು 50 ಕಿಲೋ ಎಳೆತ ಸಾಕು, ಘರ್ಷಣೆಯದ್ದು ಬೇರೆ. ರಾಟೆಯನ್ನು ಚಪ್ಪಡಿಗೇ ಕಟ್ಟಿ, ಹಗ್ಗದ ಒಂದು ತುದಿಯನ್ನು ಕಟ್ಟೆಯಾಚೆಯ ಗಟ್ಟಿ ಕಂಬಕ್ಕೆ ಬಿಗಿದು, ಇನ್ನೊಂದನ್ನು ಎಳೆದರೆ ಅದೂ ಅರ್ಧವಾಗಿ 25 ಕಿಲೋಗೆ ಇಳಿಯುತ್ತದೆ. ಎಳೆಯಬೇಕಾದ ಹಗ್ಗ ಮಾತ್ರ 4.8 ಮೀಟರ್. ತೊಲೆಗೆ ರಾಟೆ ಕಟ್ಟಿ ನೇರ ಎತ್ತುವ ಆಸೆ ಬೇಡ: ಒಂದೇ ಸ್ಥಿರ ರಾಟೆ ಎಳೆಯುವ ದಿಕ್ಕನ್ನಷ್ಟೇ ಬದಲಿಸುತ್ತದೆ, ತೊಲೆಯ ಮೇಲೆ ಮಾತ್ರ 400 ಕಿಲೋ ಹೊರಿಸುತ್ತದೆ.

ಒಬ್ಬರು ಮೇಲಿನಿಂದ ಎಳೆಯಲಿ. ಇನ್ನೊಬ್ಬರು ಪಕ್ಕದಲ್ಲಿ ನಿಂತು ಚಪ್ಪಡಿ ಸಾಗಿದಂತೆಲ್ಲ ಹಿಂದಿನ ಪೈಪಿಗೆ ಬೆಣೆ ಕೊಡುತ್ತಿರಲಿ. ಚಪ್ಪಡಿಯ ಕೆಳಗಿನ ಸಾಲಿನಲ್ಲಿ ಯಾರೂ ನಿಲ್ಲಬಾರದು. ಸುಸ್ತಾದರೆ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿ ಹಿಡಿಯಿರಿ.

ಕಟ್ಟೆ ತಲುಪಿದ ಮೇಲೆ ಪೈಪುಗಳನ್ನು ತೆಗೆಯಲು ಮತ್ತೆ ಹಾರೆಯೇ ಬೇಕು. ಒಂದು ಅಂಚು ಎತ್ತಿ ಪೈಪು ತೆಗೆದು, ಅಲ್ಲಿ ಮರದ ತುಂಡುಗಳನ್ನಿಟ್ಟು, ಅವನ್ನು ಒಂದೊಂದಾಗಿ ಕೋಲಿನಿಂದ ಎಳೆದುಕೊಳ್ಳುತ್ತ ಇಳಿಸಿ.