ಎಂಜಿನ್ ತಣ್ಣಗಿರಲಿ ಎಂದು ಕೇಳಿಕೊಂಡೆ

ನಾನು ಕೊಂಡ ಮೊದಲ ಹಳೆಯ ಕಾರು, ನೋಡಲು ಹೋದಾಗ ತೊಳೆದು ಒರೆಸಿ ಫಳಫಳ ಹೊಳೆಯುತ್ತಿತ್ತು. ಮಾರುವವರು ಆಗಲೇ ಎಂಜಿನ್ ಚಾಲು ಮಾಡಿ ಇಟ್ಟಿದ್ದರು. ಓಡಿಸಿ ನೋಡಿದೆ, ಸದ್ದಿಲ್ಲ, ಹೊಗೆಯಿಲ್ಲ; ಅಂದೇ ಹಣ ಕೊಟ್ಟೆ. ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಹಿಂದೆ ನೀಲಿ ಹೊಗೆ ಎದ್ದಿತು. ವಾಲ್ವ್ ಸೀಲುಗಳು ಸವೆದಿದ್ದರಿಂದ ರಾತ್ರಿಯೆಲ್ಲ ಆಯಿಲ್ ಒಳಗೆ ಜಿನುಗಿ, ಬೆಳಿಗ್ಗೆ ಸುಡುತ್ತಿತ್ತು. ಎಂಜಿನ್ ಬಿಸಿಯಾದ ಮೇಲೆ ಅದರ ಸುಳಿವೇ ಸಿಗುತ್ತಿರಲಿಲ್ಲ. 8 ತಿಂಗಳು ಆಯಿಲ್ ಸುರಿದು ಸುರಿದು, ಕೊನೆಗೆ ನಷ್ಟಕ್ಕೆ ಮಾರಿದೆ. ಕೂಡಿಟ್ಟ ಹಣ ಹಾಗೆ ಕರಗಿದ್ದು ಇವತ್ತಿಗೂ ನೋವಿನ ವಿಷಯ.

ಎರಡನೆಯ ಸಲ ಕೈಯಲ್ಲಿದ್ದದ್ದು ಇನ್ನೂ ಕಡಿಮೆ. ಆ ಹಣವನ್ನು ಮೊದಲೇ ಐದು ಪಾಲು ಮಾಡಿ, ನಾಲ್ಕನ್ನು ಮಾತ್ರ ಕಾರಿಗೆಂದು ಇಟ್ಟೆ. ಐದನೆಯದು ಕೊಂಡ ಮೇಲಿನ ರಿಪೇರಿಗೆ. ಎಷ್ಟೇ ಒಳ್ಳೆಯ ಕಾರು ಕಣ್ಣಿಗೆ ಬಿದ್ದರೂ ಆ ಐದನೆಯ ಪಾಲನ್ನು ಮುಟ್ಟುವುದಿಲ್ಲ ಎಂದು ಗಟ್ಟಿಯಾಗಿ ನಿರ್ಧರಿಸಿದ್ದೆ. ಹಳೆಯ ಕಾರು ಬಂದ ಮೊದಲ ತಿಂಗಳಲ್ಲೇ ಏನಾದರೊಂದನ್ನು ಕೇಳುತ್ತದೆ.

ಯಾವ ಕಾರು ಎಂಬುದನ್ನು ಜಾಹೀರಾತು ನೋಡಿ ತೀರ್ಮಾನಿಸಲಿಲ್ಲ. ಮೂವರು ಮೆಕ್ಯಾನಿಕ್‌ಗಳ ಬಳಿ ಹೋಗಿ, ಯಾವುದರ ಬಿಡಿಭಾಗ ಸುಲಭವಾಗಿ, ಅಗ್ಗವಾಗಿ ಸಿಗುತ್ತದೆ ಎಂದು ಕೇಳಿದೆ. ಮೂವರ ಉತ್ತರವೂ ಹೆಚ್ಚುಕಡಿಮೆ ಒಂದೇ: ರಸ್ತೆಯಲ್ಲಿ ಹೆಚ್ಚಾಗಿ ಕಾಣುವ, ಚಿಕ್ಕ ಪೆಟ್ರೋಲ್ ಎಂಜಿನ್ನಿನ, ಕೈಯಿಂದ ಗೇರು ಹಾಕುವ ಸಾದಾ ಕಾರು. ಹಳೆಯ ಐಷಾರಾಮಿ ಕಾರು ಎಷ್ಟು ಅಗ್ಗಕ್ಕೆ ಸಿಕ್ಕರೂ ಅದರ ಬಿಡಿಭಾಗದ ಬೆಲೆ ಇಳಿದಿರುವುದಿಲ್ಲ.

ಆಮೇಲೆ ಯಾವ ಕಾರು ನೋಡಲು ಹೊರಟರೂ ಮಾಲೀಕರಿಗೆ ಹಿಂದಿನ ದಿನವೇ ಫೋನ್ ಮಾಡಿ, ‘ದಯವಿಟ್ಟು ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ’ ಎಂದು ಕೇಳಿಕೊಳ್ಳುತ್ತಿದ್ದೆ. ಹೋದ ತಕ್ಷಣ ಮಾಡುತ್ತಿದ್ದ ಮೊದಲ ಕೆಲಸ ಬಾನೆಟ್ ಮೇಲೆ ಅಂಗೈ ಇಟ್ಟು ನೋಡುವುದು. ಎರಡು ಕಡೆ ಅದು ಬೆಚ್ಚಗಿತ್ತು. ಎರಡೂ ಕಡೆಯಿಂದ ಹಾಗೆಯೇ ಹಿಂದಿರುಗಿದೆ.

ತಣ್ಣಗಿರುವಾಗ ನೋಡಬೇಕಾದದ್ದು ಬಹಳ. ಡಿಪ್‌ಸ್ಟಿಕ್ ಎಳೆದು ಆಯಿಲ್ ಎಷ್ಟಿದೆ, ಹೇಗಿದೆ ಎಂದು ನೋಡುತ್ತಿದ್ದೆ. ಆಯಿಲ್ ಮುಚ್ಚಳದ ಒಳಬದಿಯಲ್ಲಿ ಹಾಲಿನ ಕೆನೆಯಂಥ ಜಿಡ್ಡಿದ್ದರೆ ಎಂಜಿನ್ ತಣಿಸುವ ದ್ರವವಾದ ಕೂಲೆಂಟ್ ಆಯಿಲ್ ಜೊತೆ ಬೆರೆಯುತ್ತಿರಬಹುದು, ಅಂದರೆ ಅವೆರಡೂ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಬರೀ ಹತ್ತಿರದ ಓಡಾಟಕ್ಕೆ ಬಳಸಿದ ಕಾರಿನಲ್ಲೂ ತೇವದಿಂದ ಸ್ವಲ್ಪ ಹೀಗಾಗುತ್ತದೆ, ಆದ್ದರಿಂದ ಕೂಲೆಂಟನ್ನೂ ನೋಡಲೇಬೇಕು. ಅದರ ಮೇಲೆ ಎಣ್ಣೆ ತೇಲುತ್ತಿದ್ದರೆ ಮಾತು ಮುಗಿಯಿತು. (ಬಿಸಿ ರೇಡಿಯೇಟರಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬೇಡಿ, ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ.) ನಂತರ ಕೀಲಿಯನ್ನು ಒಂದು ಹಂತ ಮಾತ್ರ ತಿರುಗಿಸಿ, ಎಂಜಿನ್ನಿನ ಎಚ್ಚರಿಕೆ ದೀಪ ಹೊತ್ತುತ್ತದೆಯೇ ಎಂದು ನೋಡುತ್ತಿದ್ದೆ. ಆಗ ಹೊತ್ತಿ, ಸ್ಟಾರ್ಟ್ ಆದ ಮೇಲೆ ಆರಬೇಕು. ಹೊತ್ತದೇ ಇದ್ದರೆ ಯಾರೋ ಅದರ ಸಂಪರ್ಕ ತಪ್ಪಿಸಿರಬಹುದು. ಸ್ಟಾರ್ಟ್ ಮಾಡುವಾಗ ಗೆಳೆಯನನ್ನು ಹಿಂದೆ ನಿಲ್ಲಿಸುತ್ತಿದ್ದೆ. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ; ಕಪ್ಪು ಎಂದರೆ ಇಂಧನ ಹೆಚ್ಚಾಗುತ್ತಿದೆ; ಎಂಜಿನ್ ಬಿಸಿಯಾದರೂ ನಿಲ್ಲದ, ಸಿಹಿ ವಾಸನೆಯ ಬಿಳಿ ಹೊಗೆ ಎಂದರೆ ಕೂಲೆಂಟ್ ಸುಡುತ್ತಿದೆ.

ಒಂದು ಕಾರು ಇದೆಲ್ಲವನ್ನೂ ದಾಟಿತು. ಮೀಟರಿನಲ್ಲಿ 62 ಸಾವಿರ ಕಿಲೋಮೀಟರ್. ಆದರೆ ಬ್ರೇಕ್ ಪೆಡಲ್‌ನ ರಬ್ಬರ್ ಒಂದು ಅಂಚಿನಲ್ಲಿ ಪೂರ್ತಿ ಸವೆದಿತ್ತು, ಸ್ಟಿಯರಿಂಗ್ ನುಣುಪಾಗಿತ್ತು. ಮನಸ್ಸು ಒಪ್ಪದೆ ಮತ್ತೊಮ್ಮೆ ಬಾನೆಟ್ ಎತ್ತಿ ಹುಡುಕಿದಾಗ, ಹಿಂದೊಮ್ಮೆ ಆಯಿಲ್ ಬದಲಿಸಿದವರು ಅಂಟಿಸಿದ್ದ ಚೀಟಿ ಸಿಕ್ಕಿತು. ಅದರಲ್ಲಿ ಬರೆದಿದ್ದದ್ದು 94 ಸಾವಿರ. ಮಾಲೀಕರಿಗೆ ತೋರಿಸಿದೆ, ಅವರು ಮಾತು ಬದಲಿಸಿದರು. ದುಡಿದು ಕೂಡಿಟ್ಟವರ ಹಣಕ್ಕೆ ಹೀಗೆ ಕನ್ನ ಹಾಕುವುದನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಹನ್ನೊಂದನೆಯದಾಗಿ ನೋಡಿದ ಕಾರನ್ನು ಕೊಂಡೆ. ವಯಸ್ಸು 11 ವರ್ಷ, ಮೇಲ್ಛಾವಣಿಯ ಬಣ್ಣ ಮಾಸಿತ್ತು, ಎಡಬಾಗಿಲು ನೆಗ್ಗಿತ್ತು. ಬಾನೆಟ್ ತಣ್ಣಗಿತ್ತು. ಮೊದಲಿನಿಂದ ಒಬ್ಬರೇ ಓಡಿಸಿದ್ದರು. ಅವರು ಒಂದು ಫೈಲ್ ತಂದು ಕೈಗಿತ್ತರು: ಪ್ರತಿ ಸರ್ವಿಸಿನ ಬಿಲ್ಲು, ಮೊದಲ ವರ್ಷದಿಂದ, ತಾರೀಖಿನ ಪ್ರಕಾರ. ಎಂಜಿನ್ನಿನ ವಾಲ್ವುಗಳನ್ನು ಪಿಸ್ಟನ್ ಜೊತೆ ತಾಳಕ್ಕೆ ಸರಿಯಾಗಿ ಆಡಿಸುವ ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ಲೂ ಅದರಲ್ಲಿತ್ತು. ಅನೇಕ ಎಂಜಿನ್ನುಗಳಲ್ಲಿ ಆ ಬೆಲ್ಟ್ ಓಡುವಾಗ ತುಂಡಾದರೆ ಪಿಸ್ಟನ್ ವಾಲ್ವುಗಳಿಗೆ ಬಡಿದು ಎಂಜಿನ್ನೇ ಕೆಡುತ್ತದೆ, ಹಾಗಾಗಿ ಆ ಒಂದು ಕಾಗದ ನನಗೆ ಹೊಸ ಬಣ್ಣಕ್ಕಿಂತ ದೊಡ್ಡದಾಗಿ ಕಂಡಿತು.

ಒಂದು ಗಂಟೆ ಓಡಿಸಿದೆ. ಸ್ಟಿಯರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ ನಿಧಾನವಾಗಿ ಸುತ್ತು ಹಾಕಿದೆ. ಚಕ್ರದ ಬಳಿ ಟಕ್ ಟಕ್ ಸದ್ದು ಬರಲಿಲ್ಲ. ಮೇಲಿನ ಗೇರಿನಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತಿದೆ. ವೇಗ ಏರದೆ ಎಂಜಿನ್ ಮಾತ್ರ ಕೂಗಿದ್ದರೆ ಕ್ಲಚ್ ಸವೆದಿದೆ ಎಂದರ್ಥ, ಅದೂ ಇರಲಿಲ್ಲ. ಎಸಿ ಹಾಕಿ ವಾಹನ ದಟ್ಟಣೆಯಲ್ಲಿ ನಿಂತು ತಾಪಮಾನದ ಮುಳ್ಳನ್ನೇ ನೋಡುತ್ತಾ ಕುಳಿತೆ. ಚಾಸಿ ಸಂಖ್ಯೆಯ 17 ಅಕ್ಷರಗಳನ್ನು ದಾಖಲೆಯೊಂದಿಗೆ ಒಂದೊಂದಾಗಿ ತಾಳೆ ನೋಡಿದೆ, ಸಾಲ ಬಾಕಿಯಿಲ್ಲವೆಂದು ಖಚಿತಪಡಿಸಿಕೊಂಡೆ.

ಇಷ್ಟಾದರೂ ಮುಂಗಡ ಕೊಡಲಿಲ್ಲ. ಮಾರುವವರ ಪರಿಚಯವಿಲ್ಲದ ಮೆಕ್ಯಾನಿಕ್ ಒಬ್ಬರಿಗೆ ಕೂಲಿ ಕೊಟ್ಟು, ಕಾರನ್ನು ಲಿಫ್ಟ್ ಮೇಲೆ ಎತ್ತಿಸಿ ನೋಡಿಸಿದೆ. ಮುಂದಿನ ಚಕ್ರಗಳ ಕುಲುಕಾಟ ತಡೆಯುವ ಸಸ್ಪೆನ್ಷನ್ನಿನ ರಬ್ಬರ್ ಬುಶ್‌ಗಳು ಹೋಗಿದ್ದವು. ಟೈರುಗಳ ಗೆರೆ ಚೆನ್ನಾಗಿಯೇ ಇತ್ತು, ಆದರೆ ಎರಡು ಟೈರುಗಳ ಬದಿಯ ಮೇಲಿದ್ದ ನಾಲ್ಕು ಅಂಕಿಗಳನ್ನು ಅವರು ಓದಿ ತೋರಿಸಿದರು. ಮೊದಲೆರಡು ಅಂಕಿ ತಯಾರಾದ ವಾರ, ಕೊನೆಯೆರಡು ವರ್ಷ. ಎರಡಕ್ಕೂ 9 ವರ್ಷ ತುಂಬಿತ್ತು, ರಬ್ಬರಿನಲ್ಲಿ ಸಣ್ಣ ಬಿರುಕುಗಳಿದ್ದವು. ಈ ಪಟ್ಟಿಯನ್ನೇ ಮಾಲೀಕರ ಮುಂದಿಟ್ಟೆ. ಚೌಕಾಸಿಗೆ ಬೇರೆ ಮಾತು ಬೇಕಾಗಲಿಲ್ಲ, ರಿಪೇರಿಯ ಖರ್ಚಿನಷ್ಟನ್ನು ಅವರೇ ಇಳಿಸಿದರು.

ಐದನೆಯ ಪಾಲಿನಲ್ಲಿ ಬುಶ್, ಎರಡು ಟೈರು, ಬ್ಯಾಟರಿ, ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್ ಎಲ್ಲವೂ ಆಯಿತು. ಮೂರು ವರ್ಷ ಕಳೆದಿದೆ. ಒಮ್ಮೆ ಆಲ್ಟರ್ನೇಟರ್ ಕೆಟ್ಟಿತು, ಒಮ್ಮೆ ರೇಡಿಯೇಟರ್ ಪೈಪ್ ಬದಲಿಸಿದೆ, ಅಷ್ಟೇ. ಆ ಎರಡು ಬಿಲ್ಲುಗಳನ್ನೂ ಹಳೆಯ ಮಾಲೀಕರ ಫೈಲಿನಲ್ಲೇ, ಅವರ ಕೊನೆಯ ಬಿಲ್ಲಿನ ಹಿಂದೆ ಸೇರಿಸಿಟ್ಟಿದ್ದೇನೆ.