ಒಂದೂವರೆ ಟನ್ ಬೇಡ, 0.8 ಸಾಕು: ಮಹಡಿ ಮೇಲಿನ ಆಫೀಸ್ ಕೋಣೆ ತಣ್ಣಗಾದ ಲೆಕ್ಕ

ಚಿಕ್ಕಬಳ್ಳಾಪುರದಲ್ಲಿ ಮೇಲ್ಮಹಡಿಯ ಕೋಣೆಗೆ ಎಸಿ ಬೇಕು ಎಂದರೆ ಅಂಗಡಿಯವರಿಂದ ಫಿಟ್ಟರ್‌ವರೆಗೆ ಎಲ್ಲರದ್ದೂ ಒಂದೇ ಮಾತು: "ನೆತ್ತಿ ಮೇಲೆ ತಾರಸಿ ಇದೆ ಸಾರ್, ಒಂದೂವರೆ ಟನ್‌ಗಿಂತ ಕಮ್ಮಿ ಹಾಕಿಸ್ಬೇಡಿ." ನಾನು ಹಾಕಿಸಿದ್ದು 0.8 ಟನ್ನಿನ ಇನ್ವರ್ಟರ್ ಸ್ಪ್ಲಿಟ್, ಅಂದರೆ ಬೇಕಾದಷ್ಟಕ್ಕೆ ಕಂಪ್ರೆಸರ್ ವೇಗ ಇಳಿಸಿಕೊಳ್ಳುವ ಎಸಿ. ಕೋಣೆ 10x12 ಅಡಿ, ಪಡುವಣಕ್ಕೆ 4x4 ಕಿಟಕಿ, ಮೇಲೆ 5 ಇಂಚಿನ ಆರ್‌ಸಿಸಿ. ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನ ನಾಲ್ಕಕ್ಕೆ, ಡೆಸ್ಕ್‌ಟಾಪ್ ಮತ್ತು ಎರಡು ಮಾನಿಟರ್ ಓಡುತ್ತಿರುವಾಗ ಒಳಗೆ 27 ಡಿಗ್ರಿ, ಎಸಿ ಎಳೆಯುವುದು 350ರಿಂದ 400 ವ್ಯಾಟ್. ಆಗಲ್ಲ ಎಂದವರಲ್ಲಿ ಇಬ್ಬರು ಈಗ ಇದೇ ಕ್ರಮದಲ್ಲಿ ತಮ್ಮ ಮನೆಗೆ ಮಾಡಿಸಿಕೊಂಡಿದ್ದಾರೆ.

ಕ್ರಮ ಅಂದೆ, ಯಾಕೆಂದರೆ ಎಸಿ ಕೊನೆಗೆ ಬರಬೇಕು. ಏನೂ ಮಾಡದ ಕೋಣೆಯ ಶಾಖದ ಲೆಕ್ಕ ಅಂದಾಜು ಹೀಗೆ: ತಾರಸಿಯಿಂದ 900ರಿಂದ 1000 ವ್ಯಾಟ್, ಪಡುವಣ ಕಿಟಕಿಯಿಂದ 600–700, ಬಿಸಿಲಿಗೆ ಕಾದ ಗೋಡೆಯಿಂದ 300 ಚಿಲ್ಲರೆ, ಕಂಪ್ಯೂಟರ್ ಸಾಮಾನುಗಳಿಂದ 300, ಕೂತವರ ಮೈಯಿಂದ 100, ಸಂದಿಗೊಂದಿಯ ಗಾಳಿಯಿಂದ 150. ಒಟ್ಟು ಎರಡೂವರೆ ಕಿಲೋವ್ಯಾಟ್. ಒಂದು ಟನ್ ಅಂದರೆ ಮೂರೂವರೆ ಕಿಲೋವ್ಯಾಟ್ ಶಾಖ ಹೊರಹಾಕುವ ಶಕ್ತಿ (ಎಳೆಯುವ ಕರೆಂಟ್ ಅಲ್ಲ), ಹಾಗಾಗಿ 0.8 ಟನ್‌ಗೆ ಇದು ಕುತ್ತಿಗೆಗೆ ಬಂದ ಹಾಗೆಯೇ. ಆದರೆ ತಾರಸಿ ಮತ್ತು ಕಿಟಕಿ, ಈ ಎರಡನ್ನು ಹಿಡಿದರೆ ಲೆಕ್ಕ 1200–1300 ವ್ಯಾಟ್‌ಗೆ ಇಳಿಯುತ್ತದೆ. ಆಗ ಒಂದೂವರೆ ಟನ್ ಎಸಿಯೇ ತೊಂದರೆ. ಅದರ ಕಂಪ್ರೆಸರ್ ಎಷ್ಟು ನಿಧಾನಕ್ಕೆ ಇಳಿದರೂ ಕೊಡುವ ತಂಪು ಕೋಣೆಗೆ ಹೆಚ್ಚಾಗಿ, ಪದೇ ಪದೇ ನಿಂತು ಹೊರಡುತ್ತದೆ, ತೇವ ಎಳೆಯುವುದಿಲ್ಲ. ಕೋಣೆ ತಣ್ಣಗಿದ್ದೂ ಮೈ ಅಂಟಂಟು.

ತಾರಸಿಯ ಉಪಾಯ ಶಿಡ್ಲಘಟ್ಟ ಕಡೆಯ ರೇಷ್ಮೆ ಹುಳು ಮನೆಗಳಿಂದ ತಂದದ್ದು. ದೊಡ್ಡ ಹುಳುವಿಗೆ 24–25 ಡಿಗ್ರಿ ಬೇಕು, ಅದಕ್ಕಾಗಿ ರೇಷ್ಮೆ ರೈತರು ಛಾವಣಿ ಮೇಲೆ ಶೇಡ್ ನೆಟ್ಟೋ ತೆಂಗಿನ ಗರಿಯೋ ಹೊದಿಸುತ್ತಾರೆ, ಒಳಗೆ ಒದ್ದೆ ಗೋಣಿ ಕಟ್ಟುತ್ತಾರೆ. ಹುಳುವಿಗೆ ತೇವವೂ ಬೇಕು, ಕಂಪ್ಯೂಟರಿಗೆ ಬೇಡ. ಆದ್ದರಿಂದ ನೆರಳನ್ನು ತಂದು ಗೋಣಿಯನ್ನು ಅಲ್ಲೇ ಬಿಟ್ಟೆ.

ಮೊದಲು ತಾರಸಿ ಗುಡಿಸಿ, ತೊಳೆದು, ಸುಣ್ಣ ಎರಡು ಕೋಟ್. ಕೋಣೆಯ ಅಳತೆಗಿಂತ ಸುತ್ತ ಎರಡಡಿ ಹೆಚ್ಚಿಗೆ ಬಳಿಯಬೇಕು, ಪ್ಯಾರಾಪೆಟ್ ಗೋಡೆಯ ಒಳಮೈಗೂ. ಹತ್ತು ಕಿಲೋ ಸುಣ್ಣಕ್ಕೆ ಒಂದು ಕಿಲೋ ಬಿಳಿ ಅಂಟು ಬೆರೆಸಿದರೆ ಕೈಗೆ ಹತ್ತುವುದಿಲ್ಲ. ಎರಡು ಮಳೆಗಾಲ ತಡೆಯುವಂತೆ ಮಾಡುವ ಇನ್ನೊಂದು ಪದಾರ್ಥವೂ ಇದೆ, ಅದನ್ನು ಜೊತೆಗೆ ನಿಂತು ಕಲೆಸುವವರಿಗಷ್ಟೇ ಹೇಳುತ್ತೇನೆ.

ಸುಣ್ಣದ ಮೇಲೆ, ಎರಡೂವರೆ ಮೂರಡಿ ಎತ್ತರದಲ್ಲಿ, 75 ಶೇಕಡಾ ಬಿಸಿಲು ತಡೆಯುವ ಶೇಡ್ ನೆಟ್. ಪಾಲಿಹೌಸ್ ಸಾಮಾನು ಮಾರುವ ಅಂಗಡಿಗಳು ನಮ್ಮ ಕಡೆ ಬೇಕಾದಷ್ಟಿವೆ, ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಕಂಬಕ್ಕಾಗಿ ತಾರಸಿಗೆ ಡ್ರಿಲ್ ಹಾಕಬೇಡಿ, ಮಳೆಗಾಲದಲ್ಲಿ ಅಲ್ಲೇ ಸೋರುತ್ತದೆ. 20 ಲೀಟರಿನ ಖಾಲಿ ಪೇಂಟ್ ಬಕೆಟ್‌ಗೆ ಕಾಂಕ್ರೀಟ್ ತುಂಬಿ, ನಡುವೆ ಒಂದು ಇಂಚಿನ ಜಿಐ ಪೈಪ್ ನಿಲ್ಲಿಸಿದರೆ ಒಂದೊಂದೂ 45 ಕಿಲೋ ತೂಗುತ್ತದೆ. ಆರು ಬಕೆಟ್ ಸಾಕು. ಸುತ್ತ ಜಿಐ ತಂತಿ ಎಳೆದು ನೆಟ್ ಕಟ್ಟುವುದು, ಪಡುವಣಕ್ಕೆ ಮೂರಡಿ ಹೊರಚಾಚಿ. ಪಕ್ಕಗಳನ್ನು ಮುಚ್ಚಬಾರದು, ಕೆಳಗೆ ಗಾಳಿ ಆಡಬೇಕು. ನೆಟ್ ಅನ್ನು ತಾರಸಿಗೇ ಹಾಸಿದರೆ ಅದರ ಬಿಸಿ ನೇರ ಕಾಂಕ್ರೀಟಿಗೆ ಇಳಿಯುತ್ತದೆ, ಅರ್ಧ ಲಾಭ ಹೋಯಿತು. ಅಶ್ವಿನಿ, ಭರಣಿ ಮಳೆಗೆ ಮುಂಚೆ ಬೀಸುವ ಗಾಳಿಗೆ ನೆಟ್ ಹರಿಯುವುದು ಮೂಲೆಯಲ್ಲಿ. ಮೂಲೆ ಕಟ್ಟಿಗೆ ತಂತಿ ಬೇಡ, ಸೈಕಲ್ ಟ್ಯೂಬ್ ಪಟ್ಟಿ ಹಾಕಿ, ಎಳೆದಷ್ಟು ಬಗ್ಗುತ್ತದೆ.

ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ಕಂಡ ಅಂಕಿ, ನೆನಪಿನಿಂದ: ಮಧ್ಯಾಹ್ನ ಎರಡಕ್ಕೆ ಬರಿ ತಾರಸಿ 58–60, ಸುಣ್ಣ ಬಳಿದ ಮೇಲೆ 45, ನೆಟ್ಟೂ ಸೇರಿದರೆ 38–39. ಒಳಗಿನ ಸೂರು ಕಾಯುವುದು ತಡವಾಗಿ, ಸಂಜೆ ಐದರಿಂದ ಏಳರ ನಡುವೆ. ಅದು ಆರಕ್ಕೆ 39 ಇದ್ದದ್ದು 31ಕ್ಕೆ ಬಂತು. ಅದೇ ಥರ್ಮಾಮೀಟರನ್ನು ಹೊಳೆಯುವ ಅಲ್ಯೂಮಿನಿಯಂ ಹಾಳೆಗೆ ಹಿಡಿದು ಬಂದ ಅಂಕಿಯನ್ನು ನಂಬಬೇಡಿ. ಆ ಮೈಯ ಬಿಸಿ ಅದಕ್ಕೆ ಸರಿಯಾಗಿ ಕಾಣುವುದಿಲ್ಲ.

ಕಿಟಕಿಯ ವಿಷಯ ಚಿಕ್ಕದು: ಪರದೆ ಗಾಜಿನ ಹೊರಗಿರಬೇಕು. ಒಳಗೆ ಎಷ್ಟು ದಪ್ಪದ ಬಟ್ಟೆ ಹಾಕಿದರೂ ಬಿಸಿಲು ಆಗಲೇ ಒಳಗೆ ಬಂದಾಗಿದೆ. ಸಜ್ಜೆಯಿಂದ ಬಿದಿರಿನ ಚಿಕ್ ಇಳಿಬಿಟ್ಟು, ಗ್ರಿಲ್‌ನಿಂದ ನಾಲ್ಕು ಇಂಚು ದೂರ ನಿಲ್ಲಿಸಿದರೆ ಮುಕ್ಕಾಲು ಪಾಲು ಶಾಖ ಹೊರಗೇ ಉಳಿಯುತ್ತದೆ. ಕಿಟಕಿ ಮೇಲಿನ ವೆಂಟಿಲೇಟರಿಗೆ ಅಕ್ರಿಲಿಕ್ ಹಾಳೆ, ಬಾಗಿಲ ಕೆಳಗೆ ರಬ್ಬರ್ ಪಟ್ಟಿ.

ಎಸಿ ಬದಲು ಬೇರೆ ದಾರಿಗಳೂ ಇವೆ ಎನ್ನುವವರಿಗೆ, ಅವು ಎಲ್ಲಿ ಸೋಲುತ್ತವೆ ಎಂದು ಹೇಳಿಬಿಡುತ್ತೇನೆ. ಕೂಲರ್ ಮಾರ್ಚಿನ ಒಣ ಹವೆಗೆ ನಿಜಕ್ಕೂ ಚೆನ್ನಾಗಿದೆ, ಕಿಟಕಿ ತೆರೆದಿದ್ದರೆ. ಮೊದಲ ಮಳೆ ಬಿದ್ದ ವಾರದಿಂದ ಅದು ಬರೀ ಒದ್ದೆ ಫ್ಯಾನು. ನಮ್ಮ ಬೋರ್ ನೀರಿನ ಗಡಸಿಗೆ ಹನಿಕೋಂಬ್ ಪ್ಯಾಡ್ ಒಂದೇ ಬೇಸಿಗೆಯಲ್ಲಿ ಸುಣ್ಣಗಟ್ಟಿ ಕಲ್ಲಾಗುತ್ತದೆ. ಚಕ್ರದ ಮೇಲೆ ಓಡಾಡುವ ಪೋರ್ಟಬಲ್ ಎಸಿಗೆ 30–35 ಸಾವಿರ. ಒಂದೇ ಕೊಳವೆಯದ್ದಾದರೆ ಅದು ಕೋಣೆಯ ತಂಪು ಗಾಳಿಯನ್ನೇ ಎಳೆದು ಹೊರಗೆ ಊದುತ್ತದೆ, ಖಾಲಿಯಾದ ಜಾಗಕ್ಕೆ ಬಾಗಿಲ ಸಂದಿಯಿಂದ ಬಿಸಿ ಗಾಳಿ ನುಗ್ಗುತ್ತದೆ. ಕೊಳವೆಯೇ ಮುಟ್ಟಲಾಗದಷ್ಟು ಕಾಯುತ್ತದೆ, ನಮ್ಮ ಗ್ರಿಲ್ ಕಿಟಕಿಗೆ ಅದರ ಕಿಟ್ ಕೂರುವುದಿಲ್ಲ, ಕಂಪ್ರೆಸರ್ ಸದ್ದಿನಲ್ಲಿ ಕಾಲ್ ಮಾತಾಡಲಾಗದು. ಪಕ್ಕದ ಮಲಗುವ ಕೋಣೆಯ ಎಸಿಯಿಂದ ನಾಲ್ಕಿಂಚಿನ ಡಕ್ಟ್ ಫ್ಯಾನಿನಲ್ಲಿ ತಂಪು ಎಳೆಯುವ ಪ್ರಯೋಗ ಮಾಡಿದೆ. ಡಬ್ಬಿ ಮೇಲೆ ಬರೆದಷ್ಟು ಗಾಳಿ ಬಂದರೂ 400 ವ್ಯಾಟ್ ತಂಪು, ಡಕ್ಟಿನ ತಿರುವುಗಳಲ್ಲಿ ಅದರರ್ಧ. ಕಂಪ್ಯೂಟರಿನ ಬಿಸಿಗೂ ಸಾಲದು. ಸೂರಿಗೆ ಥರ್ಮೋಕೋಲ್ ಅಂಟಿಸುವುದು ಶಾಖ ತಡೆಯುತ್ತದೆ, ಆದರೆ ಬೆಂಕಿ ತಗುಲಿದರೆ ಕರಗಿ ಉರಿಯುತ್ತಾ ತೊಟ್ಟಿಕ್ಕುತ್ತದೆ. ವೈರಿಂಗ್ ತುಂಬಿದ ಆಫೀಸ್ ಕೋಣೆಗೆ ಖಂಡಿತ ಬೇಡ.

ಎಸಿ ಕೂರಿಸುವಾಗ ಫಿಟ್ಟರ್ ಪಕ್ಕದಲ್ಲೇ ನಿಲ್ಲಿ. ಹೊರಗಿನ ಯೂನಿಟ್ ಪಡುವಣ ಗೋಡೆಗೆ ಬೇಡ, ಬಡಗಣಕ್ಕೆ ಹಾಕಿಸಿ. ಹಿಂದೆ ಒಂದಡಿ ಜಾಗ, ಮುಂದೆ ಪೂರ್ತಿ ಬಯಲು. ಡಬ್ಬಿಯಲ್ಲಿ ಬರುವ ಮೂರು ಮೀಟರ್ ತಾಮ್ರದ ಪೈಪನ್ನು ಕತ್ತರಿಸಿ ಗಿಡ್ಡ ಮಾಡಿಸಬೇಡಿ, ಕಂಪ್ರೆಸರಿನ ನಡುಕ ಗೋಡೆಗೆ ಹತ್ತುತ್ತದೆ. ಪಂಪ್ ಹಾಕಿ 15–20 ನಿಮಿಷ ವ್ಯಾಕ್ಯೂಮ್ ಮಾಡಲೇಬೇಕು, ಅಂದರೆ ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಯಬೇಕು. ಗ್ಯಾಸ್ ಬಿಟ್ಟು ಗಾಳಿ ಓಡಿಸುತ್ತೇನೆ ಅನ್ನುವವರನ್ನು ತಡೆಯಿರಿ: ಆರ್‌32 ಹೊತ್ತಿಕೊಳ್ಳಬಲ್ಲ ಅನಿಲ, ಮೇಲಾಗಿ ಪೈಪಿನಲ್ಲಿ ಉಳಿದ ತೇವ ಎಣ್ಣೆಯನ್ನು ಕೆಡಿಸುತ್ತದೆ. ಪೈಪು ಕೂಡುವ ಫ್ಲೇರ್ ನಟ್‌ಗಳಿಗೆ ಸೋಪಿನ ನೊರೆ ಹಚ್ಚಿ ನೋಡಿ, ಗುಳ್ಳೆ ಎದ್ದರೆ ಸೋರಿಕೆ. ಡ್ರೈನ್ ಪೈಪಿಗೆ ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು, ನಡುವೆ ಎಲ್ಲೂ ಜೋಲಬಾರದು. ವೈರ್ ಡಿಬಿಯಿಂದ (ಮನೆಯ ಎಂಸಿಬಿಗಳಿರುವ ಪೆಟ್ಟಿಗೆ) ಪ್ರತ್ಯೇಕ, 2.5 ಚದರ ಮಿಲಿಮೀಟರ್ ತಾಮ್ರ, 16 ಆಂಪಿಯರ್ ಎಂಸಿಬಿ. ನಮ್ಮ ಬಂಡೆ ನೆಲದಲ್ಲಿ ಬೇಸಿಗೆಗೆ ಅರ್ತಿಂಗ್ ಗುಂಡಿ ಒಣಗಿಬಿಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ವಾರಕ್ಕೆರಡು ಕೊಡ ನೀರು ಹಾಕಿ, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಎರಡು ಮೂರು ವೋಲ್ಟ್‌ಗಿಂತ ಹೆಚ್ಚಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ.

ಓಡಿಸುವುದು 27 ಡಿಗ್ರಿಗೆ, ಸೀಲಿಂಗ್ ಫ್ಯಾನ್ ಎರಡರಲ್ಲಿ. 2020ರ ಜನವರಿಯಿಂದ ಕೋಣೆಯ ಎಸಿಗಳು 24ಕ್ಕೆ ಸೆಟ್ ಆಗಿಯೇ ಬರಬೇಕು ಎಂಬ ನಿಯಮವಿದೆ, ಅದನ್ನು ಮೇಲೆ ಏರಿಸಿ. ಕೋಣೆ ಕಾದ ಮೇಲೆ ಮೂರು ಗಂಟೆಗೆ ಹಾಕುವುದಕ್ಕಿಂತ ಹನ್ನೊಂದೂವರೆಗೇ ಹಾಕಿದರೆ ದಿನದ ಲೆಕ್ಕದಲ್ಲಿ ಹೆಚ್ಚೇನೂ ಏರುವುದಿಲ್ಲ, ಎಸಿ ಏದುಸಿರು ಬಿಡುವುದಿಲ್ಲ.

ದುಡ್ಡು: ಸುಣ್ಣ, ಅಂಟು 600, ನೆಟ್, ಪೈಪ್, ಬಕೆಟ್ ಎಲ್ಲ ಸೇರಿ 4500ರ ಹತ್ತಿರ, ಚಿಕ್, ರಬ್ಬರ್ ಪಟ್ಟಿ 1700. ಎಸಿಗೆ 28 ಸಾವಿರ. ಫಿಟ್ಟಿಂಗ್, ಗೋಡೆ ಕೊರೆಯುವುದು, ಸ್ಟ್ಯಾಂಡ್, ವೈರ್ ಸೇರಿ ಐದೂವರೆ. ಒಟ್ಟು ನಲವತ್ತರ ಆಸುಪಾಸು. 2025ರ ಸೆಪ್ಟೆಂಬರ್ 22ರಿಂದ ಎಸಿ ಮೇಲಿನ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿದಿದೆ, ಈಗ ಕೊಳ್ಳುವವರು ಅದನ್ನು ಬಿಲ್ಲಿನಲ್ಲಿ ನೋಡಿಕೊಳ್ಳಿ. ಕರೆಂಟು ದಿನಕ್ಕೆ ಮೂರು, ಮೂರೂವರೆ ಯೂನಿಟ್, ರಜೆಯ ದಿನ ಬಿಟ್ಟು ತಿಂಗಳಿಗೆ 80–85. ಗೃಹಜ್ಯೋತಿ ಇರುವ ಮನೆಗೆ ಇದು ದೊಡ್ಡ ವಿಷಯ. ನಿಮಗೆ ಗೊತ್ತುಮಾಡಿದ ಉಚಿತ ಯೂನಿಟ್ಟಿನ ಮಿತಿ ದಾಟಿದರೆ ಹೆಚ್ಚಾದ ಯೂನಿಟ್ಟಿಗಷ್ಟೇ ದುಡ್ಡು, ತಿಂಗಳಿಗೆ 200 ದಾಟಿದರೆ ಇಡೀ ಬಿಲ್ ತಲೆಗೆ. 110 ಯೂನಿಟ್ ಸುಡುವ ಮನೆ ಈ ಎಸಿಯಿಂದ 195ಕ್ಕೆ ನಿಲ್ಲುತ್ತದೆ. ನೆರಳಿಲ್ಲದ ತಾರಸಿ ಕೆಳಗೆ ಒಂದೂವರೆ ಟನ್ ಓಡಿಸಿದರೆ 200 ದಾಟುವುದು ಖಚಿತ.

ಎರಡು ಪ್ರಯೋಗ ಇನ್ನೂ ನಡೆಯುತ್ತಿವೆ. ನಮ್ಮೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಬೇಸಿಗೆಯಲ್ಲೂ ರಾತ್ರಿ ತಣ್ಣಗೆ. ಒಂಬತ್ತರ ಮೇಲೆ ಕಿಟಕಿ ತೆಗೆದು, 12 ಇಂಚಿನ ಎಕ್ಸಾಸ್ಟ್ ಫ್ಯಾನ್ ಬೆಳಗಿನ ಐದೂವರೆವರೆಗೆ ಓಡಿಸಿದರೆ ಸೂರು ಬೆಳಗ್ಗೆ ಮೂರು ನಾಲ್ಕು ಡಿಗ್ರಿ ಕಡಿಮೆ ತೋರಿಸುತ್ತದೆ, ಎಸಿಯನ್ನು ಒಂದು ಗಂಟೆ ತಡವಾಗಿ ಹಾಕಬಹುದು. ಸೊಳ್ಳೆ ಜಾಲರಿಗೆ ಧೂಳು ಕೂತರೆ ಗಾಳಿ ಅರ್ಧಕ್ಕೆ ಇಳಿಯುತ್ತದೆ, ವಾರಕ್ಕೊಮ್ಮೆ ಬ್ರಷ್. ಇನ್ನೊಂದು, ಕರೆಂಟ್ ಹೋದಾಗ ಮನೆಯ ಯುಪಿಎಸ್ ಮೇಲೆ ಎಸಿ. ಸೈನ್ ವೇವ್ ಯುಪಿಎಸ್ಸೇ ಆಗಬೇಕು, ಎಸಿಯ 40 ಶೇಕಡಾ ಮೋಡ್ (ಪೂರ್ತಿ ಶಕ್ತಿಯ 40 ಶೇಕಡಾಕ್ಕೆ ಮಿತಿ ಹಾಕುವುದು) ಹಾಕಿರಬೇಕು, ಆಗ 300 ವ್ಯಾಟ್ ಚಿಲ್ಲರೆಯಲ್ಲಿ ಓಡುತ್ತದೆ. 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಒಂದೂವರೆ ಗಂಟೆಗೆ ನಿಲ್ಲಿಸುತ್ತೇನೆ. ಅದಕ್ಕೂ ಮೀರಿ ಎಳೆದರೆ ಬ್ಯಾಟರಿಯ ಆಯಸ್ಸು ಕರಗುತ್ತದೆ, ಹೊಸ ಬ್ಯಾಟರಿಗೆ ಹದಿನೈದು ಸಾವಿರದ ಮೇಲೆ.